ಭತ್ತ, ಅಕ್ಕಿ, ಅನ್ನ ಮತ್ತು ‘ರೈಸ್’: ಮಂಡ್ಯ ಸೀಮೆಯ ಕಲಿಕಾರ್ಥಿಯ ನೆಲೆಯಿಂದ ಒಂದು ಇಂಗ್ಲಿಷ್ ನಾಮಪದ

ಸಾರಾಂಶ: ಕನ್ನಡದ ‘ಭತ್ತ’, ‘ಅಕ್ಕಿ’, ‘ಅನ್ನ’ ಎಂಬ ಮೂರು ಪದಗಳ ಅರ್ಥವ್ಯಾಪ್ತಿಯನ್ನು ಇಂಗ್ಲಿಷಿನಲ್ಲಿ ‘ರೈಸ್’ ಎಂಬ ಒಂದೇ ನಾಮಪದ ಆವರಿಸುತ್ತದೆ. ವ್ಯತಿರೇಕಾತ್ಮಕ ವಿಶ್ಲೇಷಣೆಯ ಹಳೆಯ ಶ್ರೇಣಿಗಳ ಪ್ರಕಾರ ಇಂತಹ ವಿಲೀನವು ಕಲಿಕಾರ್ಥಿಗೆ ಸುಲಭವಾಗಿರಬೇಕು. ಈ ಸುಲಭತೆ ಪದದ ಬಳಕೆಗೆ ಮಾತ್ರ ಅನ್ವಯಿಸುತ್ತದೆ, ಗ್ರಹಿಕೆಗೆ ಅನ್ವಯಿಸುವುದಿಲ್ಲ ಎಂಬುದು ಈ ಲೇಖನದ ವಾದ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಕನ್ನಡದಲ್ಲಿರುವ ‘ರಾಗಿ’ ಮತ್ತು ‘ಹಿಟ್ಟು’ ಪದಗಳ ವರ್ತನೆಯು ‘ರೈಸ್’ ಪದದ ಬೋಧನೆಗೆ ಸಮೀಪದ ದಾರಿಯಾಗಬಲ್ಲದು ಎಂದು ಇಲ್ಲಿ ಸೂಚಿಸಲಾಗಿದೆ.

ಪ್ರಮುಖ ಪದಗಳು: ಬಹ್ವರ್ಥತೆ, ರಾಶಿನಾಮ, ವಿಲೀನ, ವಿಭಜನೆ, ದ್ವಿತೀಯ ಭಾಷಾ ಕಲಿಕೆ, ಮಂಡ್ಯ ಕನ್ನಡ

1. ಸಮಸ್ಯೆ

ಶಾಲಾ ಶಬ್ದಪಟ್ಟಿಗಳಲ್ಲಿ ‘ರೈಸ್’ ಪದದ ಎದುರಿಗೆ ಸಾಮಾನ್ಯವಾಗಿ ‘ಅಕ್ಕಿ’ ಎಂಬ ಒಂದೇ ಪದ ಇರುತ್ತದೆ. ಮೊದಲ ವರ್ಷಗಳಲ್ಲಿ ಕಲಿಯುವ ಈ ಪದವನ್ನು ಮತ್ತೆ ಯಾರೂ ತಿರುಗಿ ನೋಡುವುದಿಲ್ಲ. ಕಠಿಣ ಪದಗಳ ಪಟ್ಟಿಯಲ್ಲಿ ಅದಕ್ಕೆ ಸ್ಥಾನವಿಲ್ಲ, ಪರೀಕ್ಷೆಯಲ್ಲಿ ಅದರ ಅರ್ಥವನ್ನು ಕೇಳುವುದೂ ಇಲ್ಲ. ಆದರೆ ಈ ಕೆಳಗಿನ ಮೂರು ವಾಕ್ಯಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ತೊಡಕು ಎದ್ದು ಕಾಣುತ್ತದೆ.

(1) ‘ದೇ ಗ್ರೋ ರೈಸ್ ನಿಯರ್ ದ ಕೆನಾಲ್.’
(2) ‘ಶಿ ವಾಷ್ಡ್ ದ ರೈಸ್ ಟ್ವೈಸ್.’
(3) ‘ದ ರೈಸ್ ಈಸ್ ಗೆಟಿಂಗ್ ಕೋಲ್ಡ್.’

ಕನ್ನಡದಲ್ಲಿ ಮೊದಲನೆಯದು ಭತ್ತ, ಎರಡನೆಯದು ಅಕ್ಕಿ, ಮೂರನೆಯದು ಅನ್ನ. ಇವುಗಳನ್ನು ಅದಲುಬದಲು ಮಾಡಲು ಬರುವುದಿಲ್ಲ. ನಾಲೆಯ ಬಳಿ ಅನ್ನ ಬೆಳೆಯುತ್ತಾರೆ ಎಂದರೆ ಅದು ವಾಕ್ಯರಚನೆಯ ದೋಷವಲ್ಲ, ಲೋಕಜ್ಞಾನಕ್ಕೇ ವಿರುದ್ಧವಾದ ಮಾತು. ಶಬ್ದಪಟ್ಟಿ ನೀಡುವ ‘ಅಕ್ಕಿ’ ಈ ಮೂರರಲ್ಲಿ ಒಂದು ವಾಕ್ಯಕ್ಕೆ ಮಾತ್ರ ಹೊಂದುತ್ತದೆ.

ಇಲ್ಲಿಯ ಉದಾಹರಣಾ ವಾಕ್ಯಗಳು ವಿವರಣೆಗಾಗಿ ರೂಪಿಸಿದವು. ಈ ಲೇಖನ ಸಂಖ್ಯಾತ್ಮಕ ಅಧ್ಯಯನವಲ್ಲ. ಒಂದು ಸಾಮಾನ್ಯ ನಾಮಪದವನ್ನು ಅರಿಯುವುದು ಎಂದರೇನು ಎಂಬುದನ್ನು ಸ್ಪಷ್ಟಪಡಿಸುವುದಷ್ಟೇ ಇದರ ಉದ್ದೇಶ.

ಇದು ಕೇವಲ ತರಗತಿಯ ಸೂಕ್ಷ್ಮವಲ್ಲ. ವಿಶ್ವ ಆಹಾರ ಮತ್ತು ಕೃಷಿ ಸಂಸ್ಥೆಯ ಕೋಷ್ಟಕಗಳಲ್ಲಿ ‘ರೈಸ್’ ಉತ್ಪಾದನೆಯ ಅಂಕಿಗಳು ಭತ್ತದ ಲೆಕ್ಕದಲ್ಲಿರುತ್ತವೆ. ಭಾರತ ಸರ್ಕಾರದ ಕೃಷಿ ಅಂಕಿಅಂಶಗಳಲ್ಲಿ ಅದೇ ‘ರೈಸ್’ ಉತ್ಪಾದನೆ ಅಕ್ಕಿಯ ಲೆಕ್ಕದಲ್ಲಿರುತ್ತದೆ. ಸರ್ಕಾರಿ ಖರೀದಿಯ ಭತ್ತವನ್ನು ಗಿರಣಿಗೆ ಕೊಟ್ಟಾಗ ಹಿಂದಿರುಗಿಸಬೇಕಾದ ಬೆಳ್ತಿಗೆ ಅಕ್ಕಿಯ ಪ್ರಮಾಣ ಶೇಕಡ 67. ಅಂದರೆ 100 ಕ್ವಿಂಟಾಲ್ ‘ರೈಸ್’ ಎಂಬ ಮಾತನ್ನು ಭತ್ತವೆಂದು ಓದುವುದಕ್ಕೂ ಅಕ್ಕಿಯೆಂದು ಓದುವುದಕ್ಕೂ ಸುಮಾರು ಮೂರನೆಯ ಒಂದು ಭಾಗದ ಅಂತರವಿದೆ. ಕೃಷಿ ಅರ್ಥಶಾಸ್ತ್ರದ ಇಂಗ್ಲಿಷ್ ಪುಟವನ್ನು ಓದುವ ರೈತರ ಮಕ್ಕಳಿಗೆ ಈ ವ್ಯತ್ಯಾಸ ಮನೆಯ ಲೆಕ್ಕ. ಅದು ಪುಟದ ಮೇಲೆ ಕಾಣದಿರುವುದಕ್ಕೆ ಕಾರಣ ಅವರ ಅಜ್ಞಾನವಲ್ಲ, ಆ ನಾಮಪದದ ಸ್ವಭಾವ.

2. ಸೀಮೆ ಮತ್ತು ಅದರ ಧಾನ್ಯಪದಗಳು

1939ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟ ಮಂಡ್ಯ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳು ನೀರಿನ ದೃಷ್ಟಿಯಿಂದ ಒಂದೇ ಬಗೆಯವಲ್ಲ. ಶ್ರೀರಂಗಪಟ್ಟಣದ ಸುತ್ತ ಕಾವೇರಿಯ ಹಳೆಯ ಕಟ್ಟೆಗಳ ನಾಲೆಗಳಿವೆ. ಚಿಕ್ಕದೇವರಾಜ ಸಾಗರ ನಾಲೆ, ವಿರಿಜಾ ನಾಲೆ, ಬಂಗಾರದೊಡ್ಡಿ ನಾಲೆಗಳು ಕನ್ನಂಬಾಡಿಗಿಂತ ಪುರಾತನವಾದವು. 1911ರಲ್ಲಿ ಕನ್ನಂಬಾಡಿಯ ಅಣೆಕಟ್ಟೆಯ ಕೆಲಸ ಆರಂಭವಾಯಿತು. ಆ ಅಣೆಕಟ್ಟೆಯಿಂದ ಹೊರಟು ಮೊದಲು ಇರ್ವಿನ್ ನಾಲೆ ಎಂದು ಕರೆಸಿಕೊಂಡ ಇಂದಿನ ವಿಶ್ವೇಶ್ವರಯ್ಯ ನಾಲೆಯು ಪಾಂಡವಪುರದ ಬಯಲನ್ನು ಗದ್ದೆಯಾಗಿಸಿತು. ಕೆ.ಆರ್. ಪೇಟೆಗೆ ಹೇಮಾವತಿಯ ನೀರಿದೆ. ಹೇಮಾವತಿಯ ಕಡೆಯ ಒಂದು ಊರಿನ ಹೆಸರೇ ಅಕ್ಕಿಹೆಬ್ಬಾಳು. ನಾಗಮಂಗಲ ಬಹುಮಟ್ಟಿಗೆ ಮಳೆ ಮತ್ತು ಕೆರೆಗಳನ್ನು ನಂಬಿದ ರಾಗಿ, ಹುರುಳಿಗಳ ಸೀಮೆ. ಆದರೆ ಊಟದಲ್ಲಿ ಈ ನಾಲ್ಕೂ ಒಂದೇ. ಗದ್ದೆಯವರ ಮನೆಯಲ್ಲೂ ಮುದ್ದೆ ಇರುತ್ತದೆ, ಹೊಲದವರ ಮನೆಯಲ್ಲೂ ಅನ್ನ ಇರುತ್ತದೆ.

ಈ ಸೀಮೆಯ ಭತ್ತದ ಶಬ್ದಸಂಪತ್ತು ಬೆಳೆಯ ಹಂತಗಳ ಜೊತೆಜೊತೆಗೇ ನಡೆಯುತ್ತದೆ: ಒಟ್ಟಲು, ನಾಟಿ, ಪೈರು, ತೆನೆ. ಕೊಯ್ದು ಬಡಿದ ಮೇಲೆ ಕಾಳು ಕಟ್ಟಿದ್ದು ಭತ್ತ, ಕಟ್ಟದೆ ಉಳಿದದ್ದು ಜೊಳ್ಳು. ಗಿರಣಿಯಿಂದಾಚೆಗೆ ಅಕ್ಕಿ, ನುಚ್ಚು, ತವಡು, ಹೊಟ್ಟು. ಬೇರೊಂದು ದಾರಿ ಹಿಡಿದರೆ ಅವಲಕ್ಕಿ, ಪುರಿ, ಅರಳು. ಒಲೆಯಿಂದಾಚೆಗೆ ಅನ್ನ, ಗಂಜಿ. ಕಾಳಿನ ಏಕಮಾನಕ್ಕೂ ಹಂತಭೇದವಿದೆ. ಬೇಯದ ಒಂದು ಕಾಳು ‘ಅಕ್ಕಿಕಾಳು’, ಬೆಂದ ಒಂದು ಕಾಳು ‘ಅಗುಳು’. ಇಂಗ್ಲಿಷಿಗೆ ಎರಡೂ ‘ಗ್ರೇನ್ ಆಫ್ ರೈಸ್’.

ಆದರೂ ಕನ್ನಡ ಪ್ರತಿ ಹಂತಕ್ಕೂ ಒಂದೊಂದು ಪದವನ್ನು ಇಟ್ಟಿದೆ ಎಂದು ಹೇಳುವುದು ಅತಿಶಯೋಕ್ತಿಯಾಗುತ್ತದೆ. ‘ಭತ್ತ’ವೇ ಗದ್ದೆಯಲ್ಲಿ ನಿಂತ ಗಿಡಕ್ಕೂ ಚೀಲದಲ್ಲಿರುವ ಕಾಳಿಗೂ ಸಲ್ಲುತ್ತದೆ. ‘ಅನ್ನ ಬೆಂದಿಲ್ಲ’ ಎನ್ನುವಾಗ ಇನ್ನೂ ಅನ್ನವಾಗದಿರುವುದನ್ನೇ ಅನ್ನ ಎನ್ನುತ್ತೇವೆ. ಅರೆಬೆಂದ ಅನ್ನ ‘ಅಕ್ಕಿ ಅಕ್ಕಿಯಾಗಿದೆ’ ಎಂಬ ಪ್ರಯೋಗದಲ್ಲಿ ಎರಡು ಹಂತಗಳ ನಡುವಿನ ಗಡಿ ಅಡುಗೆಮನೆಯಲ್ಲೇ ಮಸುಕಾಗುತ್ತದೆ. ಕರ್ನಾಟಕ ಸರ್ಕಾರ 2013ರಲ್ಲಿ ಜಾರಿಗೊಳಿಸಿದ ಯೋಜನೆಯ ಹೆಸರು ‘ಅನ್ನಭಾಗ್ಯ’, ವಿತರಿಸಿದ್ದು ಅಕ್ಕಿ. ಅಲ್ಲಿ ‘ಅನ್ನ’ಕ್ಕೆ ಅದರ ಸಂಸ್ಕೃತಾರ್ಥವಾದ ‘ಆಹಾರ’ ಮರಳಿ ಬಂದಿದೆ. ಹಂತಗಳ ವಿಂಗಡಣೆ ಪದಕೋಶದಲ್ಲಿ ಬಲವಾಗಿದ್ದರೂ ಮಾತಿನಲ್ಲಿ ಅದು ಸಡಿಲಗೊಳ್ಳಬಲ್ಲದು ಎಂಬುದನ್ನು ಮುಂದಿನ ವಾದಕ್ಕಾಗಿ ಗಮನದಲ್ಲಿಡಬೇಕು.

3. ಪದಗಳು ಬಂದ ದಾರಿ

‘ರೈಸ್’ ಪದವು ಹಳೆಯ ಫ್ರೆಂಚಿನ ಮೂಲಕ ಮಧ್ಯಕಾಲೀನ ಇಂಗ್ಲಿಷಿಗೆ ಬಂದಿತು. ಅದರ ಹಿಂದೆ ಇಟಾಲಿಯನ್, ಲ್ಯಾಟಿನ್, ಗ್ರೀಕ್ ರೂಪಗಳಿವೆ. ಗ್ರೀಕಿನ ‘ಒರುಜಾ’ ತಮಿಳಿನ ‘ಅರಿಸಿ’ಯಿಂದ ಹೋದದ್ದೆಂದು ಕಾಲ್ಡ್ವೆಲ್ ಭಾವಿಸಿದ್ದರು. ಇಂದು ಹೆಚ್ಚಿನ ವಿದ್ವಾಂಸರು ಅದನ್ನು ಇರಾನೀ ಭಾಷೆಯೊಂದರ ಮೂಲಕ ಸಂಸ್ಕೃತದ ‘ವ್ರೀಹಿ’ಗೆ ಸಂಬಂಧಿಸಿದ ಪದವೆಂದು ಪರಿಗಣಿಸುತ್ತಾರೆ. ನಮ್ಮ ಪ್ರಶ್ನೆಗೆ ವ್ಯುತ್ಪತ್ತಿಗಿಂತ ಪ್ರಯಾಣದ ಸ್ಥಿತಿ ಮುಖ್ಯ. ಇಂಗ್ಲೆಂಡಿನಲ್ಲಿ ಭತ್ತದ ಬೇಸಾಯವಿರಲಿಲ್ಲ. ಆ ಜನ ಕಂಡದ್ದು ಹೊಟ್ಟು ಕಳೆದು ಹಡಗಿನಲ್ಲಿ ಬಂದ ಕಾಳನ್ನು, ಅಂದರೆ ಅಕ್ಕಿಯನ್ನು. ಅಂಗಡಿಯ ಸರಕಿಗೆ ಇದ್ದ ಹೆಸರೇ ಮುಂದೆ ತಟ್ಟೆಗೂ ಹಿಂದಕ್ಕೆ ಗದ್ದೆಗೂ ಹಬ್ಬಿತು.

ಕನ್ನಡದ ಮೂರು ಪದಗಳ ಚರಿತ್ರೆ ಇದಕ್ಕಿಂತ ವಿಚಿತ್ರವಾಗಿದೆ. ‘ಅಕ್ಕಿ’ಯನ್ನು ಬರೋ ಮತ್ತು ಎಮೆನೊ ಅವರ ದ್ರಾವಿಡ ನಿಷ್ಪತ್ತಿಕೋಶವು ತಮಿಳಿನ ‘ಅರಿಸಿ’, ತುಳುವಿನ ‘ಅರಿ’ಗಳ ಗುಂಪಿನಲ್ಲಿ ಇರಿಸುತ್ತದೆ. ಹೊಟ್ಟಿರುವ ಕಾಳಿಗೆ ಹಳಗನ್ನಡದಲ್ಲಿ ‘ನೆಲ್’ ಎಂಬ ದ್ರಾವಿಡ ಪದವಿತ್ತು; ತಮಿಳು, ಮಲಯಾಳಗಳಲ್ಲಿ ಅದು ಇಂದಿಗೂ ಜೀವಂತವಾಗಿದೆ. ಕನ್ನಡದಲ್ಲಿ ಅದರ ಸ್ಥಾನವನ್ನು ‘ಭತ್ತ’ ಆಕ್ರಮಿಸಿತು. ಈ ‘ಭತ್ತ’ ಸಂಸ್ಕೃತದ ‘ಭಕ್ತ’ದಿಂದ ಪ್ರಾಕೃತದ ಮೂಲಕ ಬಂದದ್ದು, ಮೂಲದಲ್ಲಿ ಅದರ ಅರ್ಥ ಬೇಯಿಸಿದ ಅನ್ನ! ಹಿಂದಿಯ ‘ಭಾತ್’ ಇಂದಿಗೂ ಅನ್ನವೇ. ಮರಾಠಿಯ ‘ಭಾತ್’ ಅನ್ನವೂ ಹೌದು, ಭತ್ತದ ಬೆಳೆಯೂ ಹೌದು. ಕನ್ನಡದಲ್ಲಿ ಅದು ಒಲೆಯಿಂದ ಹೊರಟು ಗದ್ದೆಯನ್ನು ತಲುಪಿದೆ. ಅದೇ ಮೂಲದ ಇನ್ನೊಂದು ರೂಪ ಮರಾಠಿಯ ಕಡೆಯಿಂದ ಅಡುಗೆಮನೆಗೆ ಬಂದು ‘ವಾಂಗಿಬಾತ್’, ‘ಬಿಸಿಬೇಳೆ ಬಾತ್’ಗಳಲ್ಲಿ ‘ಬಾತ್’ ಆಗಿ ನಿಂತಿತು. ಹೀಗೆ ಭತ್ತ ಮತ್ತು ಬಾತ್ ಒಂದೇ ಪದದ ಎರಡು ಅವತಾರಗಳು. ಮೈಸೂರು ಹೆದ್ದಾರಿಯ ಹೋಟೆಲುಗಳ ಫಲಕದಲ್ಲಿ ಕಾಣುವ ‘ರೈಸ್ ಬಾತ್’ ವ್ಯುತ್ಪತ್ತಿಯ ದೃಷ್ಟಿಯಿಂದ ‘ಅನ್ನದ ಅನ್ನ’.

ಈ ಚರಿತ್ರೆಯಿಂದ ಒಂದು ಎಚ್ಚರಿಕೆ ದೊರೆಯುತ್ತದೆ. ಪದಗಳು ಬದಲಾದವು, ಹಂತಭೇದದ ಜಾಲರಿ ಬದಲಾಗಲಿಲ್ಲ. ‘ನೆಲ್’ ಹೋದಾಗ ಆ ಮನೆ ಖಾಲಿ ಉಳಿಯಲಿಲ್ಲ, ಅನ್ನಾರ್ಥದ ಪದವೊಂದನ್ನು ತಂದು ಅಲ್ಲಿ ಕೂರಿಸಲಾಯಿತು. ತಮಿಳಿನ ‘ನೆಲ್’, ‘ಅರಿಸಿ’, ‘ಸೋರು’, ಮಲಯ್ ಭಾಷೆಯ ‘ಪಾದಿ’, ‘ಬರಸ್’, ‘ನಾಸಿ’, ಜಪಾನೀ ಭಾಷೆಯ ‘ಇನೆ’, ‘ಕೊಮೆ’, ‘ಗೊಹಾನ್’ ಇದೇ ಮೂರು ಮನೆಗಳ ಜಾಲರಿಯವು. ಸಸ್ಯೂರ್ ಅವರು 1916ರಲ್ಲಿ ಪ್ರಕಟವಾದ ಉಪನ್ಯಾಸಗಳಲ್ಲಿ ಫ್ರೆಂಚಿನ ಒಂದೇ ‘ಮುತೋಂ’ ಇಂಗ್ಲಿಷಿನಲ್ಲಿ ‘ಶೀಪ್’ ಮತ್ತು ‘ಮಟನ್’ ಎಂದು ಒಡೆಯುವುದನ್ನು ತೋರಿಸಿ, ಪದದ ಅರ್ಥಕ್ಕಿಂತ ಅದರ ಮೌಲ್ಯ ಬೇರೆ ಎಂದರು. ಕನ್ನಡಿಗರ ಮುಂದಿರುವುದು ಆ ಉದಾಹರಣೆಯ ತಿರುವುಮುರುವು: ಇಲ್ಲಿ ಒಡೆದಿರುವುದು ನಮ್ಮ ಭಾಷೆ, ಒಡೆಯದಿರುವುದು ಇಂಗ್ಲಿಷ್.

ಭತ್ತ ಬೆಳೆಯುವವರಿಗೆ ಮೂರು ಪದ, ಕೊಳ್ಳುವವರಿಗೆ ಒಂದು ಪದ ಎಂಬ ಸರಳ ನಿಯಮಕ್ಕೆ ಮಾತ್ರ ಜಾರಬಾರದು. ದಕ್ಷಿಣ ಕೆರೊಲಿನಾದ ಇಂಗ್ಲಿಷ್ ಭಾಷಿಕರು ಹದಿನೇಳನೆಯ ಶತಮಾನದ ಕೊನೆಯಿಂದಲೇ ಭತ್ತದ ಬೇಸಾಯ ನಡೆಸಿದರು. ಆದರೂ ಅಮೆರಿಕದ ಇಂಗ್ಲಿಷ್ ಹೊಸ ನಾಮಪದವನ್ನು ಹುಟ್ಟಿಸಲಿಲ್ಲ. ಹೊಟ್ಟಿರುವ ಕಾಳನ್ನು ಅಲ್ಲಿಯ ವ್ಯಾಪಾರದಲ್ಲಿ ‘ರಫ್ ರೈಸ್’ ಎನ್ನುತ್ತಾರೆ. ಬೇಸಾಯ ಬಂದೊಡನೆ ಪದವೂ ಬರುವುದಿಲ್ಲ.

4. ಶ್ರೇಣಿಯ ಊಹೆ ಎಲ್ಲಿ ನಿಲ್ಲುತ್ತದೆ

ಲಾಡೋ ಅವರ 1957ರ ಕೃತಿಯ ನಂತರ ಎರಡು ಭಾಷೆಗಳ ಹೋಲಿಕೆಯಿಂದ ಕಲಿಕೆಯ ಕಷ್ಟವನ್ನು ಮುಂಗಾಣುವ ಪ್ರಯತ್ನಗಳು ನಡೆದವು. ಸ್ಟಾಕ್ವೆಲ್, ಬೋವೆನ್ ಮತ್ತು ಮಾರ್ಟಿನ್ 1965ರಲ್ಲಿ ಕಷ್ಟದ ಶ್ರೇಣಿಯೊಂದನ್ನು ಮುಂದಿಟ್ಟರು. ಪ್ರೇಟರ್ 1967ರಲ್ಲಿ ಅದನ್ನು ಆರು ಮೆಟ್ಟಿಲುಗಳಿಗೆ ಇಳಿಸಿದರು. ಆ ಶ್ರೇಣಿಯಲ್ಲಿ ಮಾತೃಭಾಷೆಯ ಒಂದು ಘಟಕ ಗುರಿಭಾಷೆಯಲ್ಲಿ ಎರಡಾಗುವ ‘ವಿಭಜನೆ’ ಅತ್ಯಂತ ಕಠಿಣ. ಮಾತೃಭಾಷೆಯ ಎರಡು ಘಟಕಗಳು ಗುರಿಭಾಷೆಯಲ್ಲಿ ಒಂದಾಗುವ ‘ವಿಲೀನ’ ಬಹುತೇಕ ಸುಲಭ. ನೇರ ವರ್ಗಾವಣೆಯ ನಂತರದ ಮೊದಲ ಮೆಟ್ಟಿಲೇ ಅದು. ಈ ಪ್ರಕಾರ ಮಂಡ್ಯದ ವಿದ್ಯಾರ್ಥಿಗೆ ‘ರೈಸ್’ ಸುಲಭ, ಕನ್ನಡ ಕಲಿಯುವ ಇಂಗ್ಲಿಷ್ ಭಾಷಿಕನಿಗೆ ‘ಭತ್ತ, ಅಕ್ಕಿ, ಅನ್ನ’ ಕಠಿಣ.

ಎರಡನೆಯ ಭಾಗ ನಿಜ. ಮೊದಲನೆಯ ಭಾಗ ಅರ್ಧ ಮಾತ್ರ ನಿಜ. ಮಾತನಾಡುವಾಗ ಅಥವಾ ಬರೆಯುವಾಗ ಮೂರು ಅರ್ಥಗಳಿಗೂ ‘ರೈಸ್’ ಎಂದರೆ ತಪ್ಪಾಗುವುದಿಲ್ಲ. ಅಲ್ಲಿ ವಿಲೀನ ಸುಲಭವೇ. ಆದರೆ ಕೇಳುವಾಗ ಮತ್ತು ಓದುವಾಗ ದಿಕ್ಕು ತಿರುಗುತ್ತದೆ. ಒಂದು ಇಂಗ್ಲಿಷ್ ಪದ ಕಣ್ಣಿಗೆ ಬೀಳುತ್ತದೆ. ಕಲಿಕಾರ್ಥಿ ತನ್ನ ಪದಕೋಶದ ಮೂರು ಮನೆಗಳಲ್ಲಿ ಒಂದನ್ನು ಆರಿಸಬೇಕಾಗುತ್ತದೆ. ಬಳಕೆಯ ವಿಲೀನವೇ ಗ್ರಹಿಕೆಯ ವಿಭಜನೆ. ಶ್ರೇಣಿಗಳನ್ನು ರೂಪಿಸಿದವರ ಕಣ್ಣು ಬಹುಪಾಲು ಮಾತು ಹೊರಡುವ ಕಡೆಗಿತ್ತು, ಮಾತು ತಲುಪುವ ಕಡೆಗಲ್ಲ.

ಬಳಕೆಯಲ್ಲಿಯೂ ಕಲಿಕಾರ್ಥಿಗಳು ಈ ವಿಲೀನವನ್ನು ಸುಮ್ಮನೆ ಒಪ್ಪಿಕೊಳ್ಳುವುದಿಲ್ಲ ಎಂಬುದು ಹೆಚ್ಚು ಕುತೂಹಲದ ಸಂಗತಿ. ‘ಮೈ ಫಾದರ್ ಗ್ರೋಸ್ ಪ್ಯಾಡಿ’ ಎನ್ನುತ್ತಾರೆ, ‘ವಿ ಬಾಟ್ ರೈಸ್’ ಎನ್ನುತ್ತಾರೆ, ತಿಂದದ್ದನ್ನು ‘ಐ ಹ್ಯಾಡ್ ಮೀಲ್ಸ್’ ಎಂದೋ ಒತ್ತಿ ಹೇಳಬೇಕಾದಾಗ ‘ಕುಕ್ಡ್ ರೈಸ್’ ಎಂದೋ ಹೇಳುತ್ತಾರೆ. ಇಂಗ್ಲಿಷ್ ಒಡೆಯದೆ ಬಿಟ್ಟ ಮೂರು ಮನೆಗಳನ್ನು ಅವರು ಇಂಗ್ಲಿಷಿನ ಸಾಮಗ್ರಿಯಿಂದಲೇ ಮತ್ತೆ ಕಟ್ಟುತ್ತಾರೆ. ‘ಪ್ಯಾಡಿ’ ಸ್ವತಃ ಮಲಯ್ ಭಾಷೆಯ ‘ಪಾದಿ’. ಏಷ್ಯಾದ ಮೂರು ಮನೆಗಳಲ್ಲಿ ಒಂದನ್ನು ಇಂಗ್ಲಿಷ್ ಹೀಗೆ ಸಾಲವಾಗಿ ಪಡೆದಿದೆ. ಆದರೆ ಬ್ರಿಟನ್ನಿನ ಓದುಗನಿಗೆ ಅದು ಮೊದಲು ನೀರು ನಿಂತ ಗದ್ದೆಯನ್ನು ನೆನಪಿಸುತ್ತದೆ. ಭಾರತದ ಖರೀದಿ ಕೇಂದ್ರದಲ್ಲಿ ಅದು ಚೀಲದೊಳಗಿನ ಕಾಳು. ‘ಗ್ರೋಸ್ ಪ್ಯಾಡಿ’ಯನ್ನು ಕೆಂಪು ಶಾಯಿಯಿಂದ ತಿದ್ದುವ ಅಧ್ಯಾಪಕರು ಭಾರತೀಯ ಇಂಗ್ಲಿಷಿನ ಸ್ಥಿರಗೊಂಡ ಬಳಕೆಯೊಂದನ್ನು ತಪ್ಪೆಂದು ಕಲಿಸುತ್ತಿದ್ದಾರೆ ಎಂದೇ ನನ್ನ ಅಭಿಪ್ರಾಯ.

ಹಾಗಾದರೆ ಇಂಗ್ಲಿಷ್ ಓದುಗ ಹಂತವನ್ನು ಹೇಗೆ ತಿಳಿಯುತ್ತಾನೆ? ಹೆಚ್ಚಿನ ಸಂದರ್ಭಗಳಲ್ಲಿ ಕ್ರಿಯಾಪದದಿಂದ. ಬಿತ್ತುವ, ನೆಡುವ, ಕೊಯ್ಯುವ ಕ್ರಿಯೆಗಳ ಕರ್ಮ ಭತ್ತ. ಕೊಳ್ಳುವ, ತೊಳೆಯುವ, ನೆನೆಹಾಕುವ ಕ್ರಿಯೆಗಳ ಕರ್ಮ ಅಕ್ಕಿ. ಬಡಿಸುವ, ಉಣ್ಣುವ, ಆರುವ ಕ್ರಿಯೆಗಳದು ಅನ್ನ. ಕನ್ನಡದಲ್ಲಿ ನಾಮಪದ ಹೊತ್ತ ಹೊರೆಯನ್ನು ಇಂಗ್ಲಿಷಿನಲ್ಲಿ ಕ್ರಿಯಾಪದ ಹೊರುತ್ತದೆ. ‘ಕುಕ್’ ಕ್ರಿಯೆಯಲ್ಲಿ ಮಾತ್ರ ಈ ಹೊರೆ ನಡುವೆ ನಿಂತುಬಿಡುತ್ತದೆ. ‘ಶಿ ಕುಕ್ಡ್ ರೈಸ್’ ಎಂಬಲ್ಲಿ ಕರ್ಮವು ಕ್ರಿಯೆಗೆ ಒಳಗಾದ ವಸ್ತುವೂ ಆಗಬಹುದು, ಕ್ರಿಯೆಯಿಂದ ಹುಟ್ಟಿದ ವಸ್ತುವೂ ಆಗಬಹುದು. ಕನ್ನಡ ಇವೆರಡನ್ನು ‘ಅಕ್ಕಿ ಬೇಯಿಸಿದಳು’, ‘ಅನ್ನ ಮಾಡಿದಳು’ ಎಂದು ಬೇರೆಬೇರೆಯಾಗಿ ಹೇಳುತ್ತದೆ.

ಸಮಾಸಗಳಲ್ಲಿ ಈ ಸುಳಿವೂ ಇರುವುದಿಲ್ಲ. ‘ರೈಸ್ ಸ್ಟ್ರಾ’ ಭತ್ತದ ಹುಲ್ಲು, ‘ರೈಸ್ ಫ್ಲೋರ್’ ಅಕ್ಕಿಹಿಟ್ಟು. ಇವುಗಳಲ್ಲಿ ಎರಡನೆಯ ಪದ ಹಂತವನ್ನು ಗೊತ್ತುಪಡಿಸುತ್ತದೆ. ‘ರೈಸ್ ವಾಟರ್’ ಹಾಗಲ್ಲ. ಅಕ್ಕಿ ತೊಳೆದ ನೀರೂ ಅದೇ, ಅನ್ನ ಬಸಿದ ಗಂಜಿಯೂ ಅದೇ. ಕನ್ನಡದಲ್ಲಿ ಒಂದು ಅಕ್ಕಚ್ಚು, ದನಕರುಗಳ ಪಾಲಿಗೆ ಹೋಗುವುದು. ಇನ್ನೊಂದು ಮಗುವಿಗೂ ರೋಗಿಗೂ ಕೊಡುವುದು. ಆರೋಗ್ಯ ಶಿಕ್ಷಣದ ಇಂಗ್ಲಿಷ್ ಕರಪತ್ರವೊಂದನ್ನು ಕನ್ನಡಿಸುವವರು ಈ ಸಮಾಸದ ಮುಂದೆ ನಿಂತು ಯೋಚಿಸಲೇಬೇಕು.

ಎಲ್ಲಕ್ಕಿಂತ ಕಷ್ಟವಾದವು ಯಾವ ಹಂತವನ್ನೂ ಸೂಚಿಸದ ಸಾಮಾನ್ಯ ಹೇಳಿಕೆಗಳು. ‘ರೈಸ್ ಸಸ್ಟೇನ್ಸ್ ಏಷ್ಯಾ’ ಎಂಬ ವಾಕ್ಯದ ‘ರೈಸ್’ ಭತ್ತವೇ, ಅಕ್ಕಿಯೇ, ಅನ್ನವೇ? ಇಂಗ್ಲಿಷ್ ಲೇಖಕ ಆ ಪ್ರಶ್ನೆಯನ್ನು ಕೇಳಿಕೊಂಡೇ ಇಲ್ಲ. ಭಾಷೆಗಳ ನಡುವಿನ ಮುಖ್ಯ ವ್ಯತ್ಯಾಸ ಅವು ಏನನ್ನು ಹೇಳಬಲ್ಲವು ಎಂಬುದರಲ್ಲಿಲ್ಲ, ಏನನ್ನು ಹೇಳದೆ ಇರಲಾರವು ಎಂಬುದರಲ್ಲಿದೆ ಎಂಬ ಯಾಕೊಬ್ಸನ್ ಅವರ 1959ರ ವಿಚಾರಕ್ಕೆ ಇದು ತಕ್ಕ ನಿದರ್ಶನ. ಕನ್ನಡ ಅನುವಾದಕ ಒಂದನ್ನು ಆರಿಸದೆ ವಾಕ್ಯವನ್ನು ಮುಗಿಸಲಾರ. ಮೂರನ್ನೂ ಒಳಗೊಳ್ಳುವ ವ್ಯಾಪಕ ಪದ ನಿತ್ಯದ ಕನ್ನಡದಲ್ಲಿಲ್ಲ. ಕನಕದಾಸರ ರಾಮಧಾನ್ಯ ಚರಿತೆಯಲ್ಲಿ ರಾಗಿಯೊಡನೆ ವಾದಕ್ಕಿಳಿಯುವ ಧಾನ್ಯದ ಹೆಸರು ಸಂಸ್ಕೃತದ ‘ವ್ರೀಹಿ’. ಭತ್ತವನ್ನಾಗಲಿ ಅಕ್ಕಿಯನ್ನಾಗಲಿ ಸಭೆಗೆ ಕರೆತಂದಿದ್ದರೆ ಒಂದು ಹಂತವಷ್ಟೇ ಮಾತಾಡಿದಂತಾಗುತ್ತಿತ್ತು. ಹಂತಾತೀತವಾದ ಹೆಸರಿನ ಅನುಕೂಲ ಕವಿಗೆ ಅಲ್ಲಿ ದೊರೆತಿರಬಹುದು ಎಂದು ಊಹಿಸಲು ಅವಕಾಶವಿದೆ. ಮೇಲೆ ಹೇಳಿದ ವ್ಯುತ್ಪತ್ತಿ ಸರಿಯಾದರೆ, ಆ ಹೆಸರು ಮತ್ತು ಇಂಗ್ಲಿಷಿನ ‘ರೈಸ್’ ದೂರದ ನೆಂಟರು.

ನೆಂಟರೆಂದಾಗ ನೆನಪಾಗುವ ಗಾದೆಯೊಂದು ಇಲ್ಲಿ ಪರೀಕ್ಷೆಯಾಗಬಲ್ಲದು: ‘ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ.’ ನೆಂಟರು ಉಣ್ಣುವುದು ಅನ್ನವನ್ನು. ಗಾದೆ ಹೇಳುವುದು ಅಕ್ಕಿಯನ್ನು. ಆತಿಥೇಯನ ಮನಸ್ಸು ಎಲೆಯ ಮೇಲಿರುವುದರ ಕಡೆಗಲ್ಲ, ಮಡಕೆಯಲ್ಲಿ ಕಡಿಮೆಯಾಗುತ್ತಿರುವ ದಾಸ್ತಾನಿನ ಕಡೆಗಿದೆ ಎಂಬ ವ್ಯಂಗ್ಯವೆಲ್ಲ ಆ ಒಂದು ಹಂತಸೂಚಕ ಪದದಲ್ಲಿದೆ. ‘ರೈಸ್’ ಎಂದು ಅನುವಾದಿಸಿದೊಡನೆ ಇಂಗ್ಲಿಷ್ ಓದುಗನು ತಟ್ಟೆಯನ್ನು ಕಾಣುತ್ತಾನೆ, ಜಿಪುಣನು ಹೊಟ್ಟೆಬಾಕನಾಗಿಬಿಡುತ್ತಾನೆ.

5. ಎಣಿಕೆ

ಯೆಸ್ಪರ್ಸನ್ 1924ರಲ್ಲಿ ವಿವರಿಸಿದ ರಾಶಿನಾಮಗಳ ಗುಂಪಿಗೆ ‘ರೈಸ್’ ಸೇರುತ್ತದೆ. ಬಹುವಚನವಿಲ್ಲ, ‘ಎ’ ಇಲ್ಲ, ‘ಮೆನಿ’ ಇಲ್ಲ. ‘ಓಟ್ಸ್’ ಬಹುವಚನ, ‘ವೀಟ್’ ಏಕವಚನ ಎಂಬುದನ್ನು ಬ್ಲೂಮ್‌ಫೀಲ್ಡ್ 1933ರಲ್ಲಿ ವ್ಯಾಕರಣದ ಯಾದೃಚ್ಛಿಕತೆಗೆ ಸಾಕ್ಷಿಯಾಗಿ ತೋರಿಸಿದರು. ವಿಯೆರ್ಜ್‌ಬಿಟ್ಸ್ಕಾ 1988ರ ಕೃತಿಯಲ್ಲಿ ಅದನ್ನು ಒಪ್ಪದೆ, ಜನ ವಸ್ತುವನ್ನು ಕಾಳುಕಾಳಾಗಿ ಕಾಣುತ್ತಾರೆಯೋ ರಾಶಿಯಾಗಿ ಕಾಣುತ್ತಾರೆಯೋ ಎಂಬುದೇ ವ್ಯಾಕರಣದಲ್ಲಿ ಮೂಡುತ್ತದೆ ಎಂದು ವಾದಿಸಿದರು. ಕಲಿಕಾರ್ಥಿಗೆ ಈ ವಿವಾದ ಬೇಕಿಲ್ಲ. ಕನ್ನಡದ ನಪುಂಸಕ ನಾಮಗಳಲ್ಲಿ ಬಹುವಚನ ಪ್ರತ್ಯಯ ಐಚ್ಛಿಕ ಎಂಬುದೇ ಅವರ ತೊಡಕಿನ ಮೂಲ. ‘ಎರಡು ಮರ’ ಎನ್ನುವ ಭಾಷೆಯಲ್ಲಿ ‘ಅಕ್ಕಿ’ಗೂ ‘ಮರ’ಕ್ಕೂ ರೂಪದಲ್ಲಿ ಭೇದ ಕಾಣುವುದಿಲ್ಲ. ‘ಎಷ್ಟು’ ಎಂಬ ಒಂದೇ ಪ್ರಶ್ನಾರ್ಥಕ ಎರಡಕ್ಕೂ ಸಲ್ಲುತ್ತದೆ. ‘ಹೌ ಮೆನಿ ರೈಸ್’ ಎಂಬ ತಪ್ಪು ಹುಟ್ಟುವುದು ಇಲ್ಲಿಂದ.

ಆದರೆ ‘ಒನ್ ರೈಸ್’ ಎಂಬುದನ್ನು ಅದೇ ತಪ್ಪಿನ ಖಾತೆಗೆ ಬರೆಯಬಾರದು. ಹೋಟೆಲಿನಲ್ಲಿ ‘ಎರಡು ಮುದ್ದೆ, ಒಂದು ರೈಸ್’ ಎನ್ನುವಾಗ ‘ರೈಸ್’ ಒಂದು ತಟ್ಟೆಯ ಪ್ರಮಾಣವನ್ನು ಸೂಚಿಸುತ್ತದೆ; ಲಂಡನ್ನಿನ ಹೋಟೆಲಿನಲ್ಲೂ ‘ಟೂ ರೈಸಸ್’ ಎಂದು ಕೇಳುವುದುಂಟು. ಮಂಡ್ಯದವರಿಗೆ ಈ ಬಳಕೆಯ ಮಾದರಿ ಮನೆಯಲ್ಲೇ ಇದೆ: ಮುದ್ದೆ ಹುಟ್ಟಿನಿಂದಲೇ ಎಣಿಕೆಯ ನಾಮ. ತಳಿವಿಜ್ಞಾನದ ಬರಹಗಳಲ್ಲಿ ಬರುವ ‘ವೈಲ್ಡ್ ರೈಸಸ್’ನ ಬಹುವಚನ ಬೇರೆ ಬಗೆಯದು, ಅದು ತಳಿಗಳ ಎಣಿಕೆ. ಕನ್ನಡದಲ್ಲಿ ಅಲ್ಲಿಯೂ ‘ಭತ್ತಗಳು’ ಎನ್ನುವುದಕ್ಕಿಂತ ‘ಭತ್ತದ ತಳಿಗಳು’ ಎನ್ನುವುದು ಸಹಜ.

ಉಚ್ಚಾರಣೆಯ ಬಗ್ಗೆ ಒಂದು ಮಾತು ಸಾಕು. ಇಂಗ್ಲಿಷಿನಲ್ಲಿ ‘ಧಾನ್ಯ’ ಎಂಬರ್ಥದ ಪದವು ಅಘೋಷ ಊಷ್ಮದಲ್ಲಿ ಮುಗಿಯುತ್ತದೆ, ‘ಏರು’ ಎಂಬರ್ಥದ ಪದವು ಘೋಷ ಊಷ್ಮದಲ್ಲಿ. ಕನ್ನಡದ ಧ್ವನಿವ್ಯವಸ್ಥೆಯಲ್ಲಿ ಆ ಘೋಷ ಊಷ್ಮ ಇಲ್ಲದಿರುವುದರಿಂದ ಅಕ್ಕಿಯ ಬೆಲೆ ಏರಿದ ಇಂಗ್ಲಿಷ್ ಸುದ್ದಿಯಲ್ಲಿ ಎರಡೂ ‘ರೈಸ್’ ಆಗಿಯೇ ಕೇಳಿಸುತ್ತವೆ.

6. ರಾಗಿಯ ದಾರಿ

ಕಲಿಕಾರ್ಥಿಗೆ ಇಂಗ್ಲಿಷಿನ ಈ ನಾಮಪದ ಬಡವಾಗಿ ತೋರುವುದು ಸಹಜ. ಅಧ್ಯಾಪಕರೂ ‘ಅವರಿಗೆ ಅನ್ನ ಗೊತ್ತಿಲ್ಲ, ಅದಕ್ಕೆ ಪದವಿಲ್ಲ’ ಎಂದು ನಗುತ್ತ ಮುಂದೆ ಸಾಗುತ್ತಾರೆ. ಇದರಿಂದ ನಷ್ಟವಾಗುವುದು ವಿಶ್ಲೇಷಣೆಗೆ. ಏಕೆಂದರೆ ಇಂಗ್ಲಿಷ್ ಭತ್ತದಲ್ಲಿ ಮಾಡಿದ್ದನ್ನೇ ಕನ್ನಡ ರಾಗಿಯಲ್ಲಿ ಮಾಡಿದೆ. ಹೊಲದಲ್ಲಿ ನಿಂತ ಪೈರೂ ರಾಗಿ, ಕಣದಲ್ಲಿ ಬಡಿದ ಕಾಳೂ ರಾಗಿ, ಬೀಸಲು ಗಿರಣಿಗೆ ಒಯ್ಯುವುದೂ ರಾಗಿ. ಭತ್ತ ಮತ್ತು ಅಕ್ಕಿಯ ನಡುವೆ ಇರುವಂತಹ ಗಡಿ ಇಲ್ಲಿಲ್ಲ. ಕಾರಣ ಕಾಳಿನ ರಚನೆಯಲ್ಲೇ ಇದೆ. ಭತ್ತದ ಹೊಟ್ಟು ಕಾಳನ್ನು ಬಿಗಿಯಾಗಿ ಸುತ್ತಿರುತ್ತದೆ. ಅದನ್ನು ಬಿಡಿಸಲು ಕುಟ್ಟುವ ಅಥವಾ ಗಿರಣಿಗೆ ಹಾಕುವ ಪ್ರತ್ಯೇಕ ಕೆಲಸ ಬೇಕು. ಆ ಹಂತದಲ್ಲಿ ವಸ್ತುವಿನ ತೂಕ, ಬೆಲೆ, ಎಷ್ಟೋ ವೇಳೆ ಒಡೆಯನೂ ಬದಲಾಗುತ್ತಾನೆ. ರಾಗಿಯ ಸಿಪ್ಪೆ ಬಡಿಯುವಾಗಲೇ ಉದುರುತ್ತದೆ. ಕಾಳನ್ನು ಇಡಿಯಾಗಿಯೇ ಬೀಸುತ್ತಾರೆ. ಕೈ ಬದಲಾಗದ ಕಡೆ ಹೆಸರೂ ಬದಲಾಗಿಲ್ಲ.

ಬೀಸಿದ ನಂತರದ ಕಥೆ ಇನ್ನೂ ಸ್ವಾರಸ್ಯಕರ. ಗ್ರಂಥಭಾಷೆಯಲ್ಲಿ ಹಿಟ್ಟು ಬೇರೆ, ಮುದ್ದೆ ಬೇರೆ. ಮಂಡ್ಯ ಸೀಮೆಯ ಆಡುಮಾತಿನಲ್ಲಿ ‘ಹಿಟ್ಟು’ ಎರಡೂ ಹೌದು. ‘ಹಿಟ್ಟು ಬೀಸಿಕೊಂಡು ಬಾ’ ಎಂದರೆ ಪುಡಿ. ‘ಹಿಟ್ಟು ಉಂಡ್ಯಾ?’ ಎಂದರೆ ಮುದ್ದೆ. ‘ಹಿಟ್ಟಿನ ಕೋಲು’ ಒಲೆಯ ಮೇಲಿನ ಹಂತದ್ದು. ಬೇಯಿಸದ ವಸ್ತುವಿಗೂ ಬೇಯಿಸಿದ ಊಟಕ್ಕೂ ಒಂದೇ ಪದ, ಹಂತವನ್ನು ಹೇಳುವುದು ಕ್ರಿಯಾಪದ. ಅಪ್ರೆಸ್ಯನ್ 1974ರಲ್ಲಿ ‘ನಿಯತ ಬಹ್ವರ್ಥತೆ’ ಎಂದು ಕರೆದ ವಿದ್ಯಮಾನಕ್ಕೆ ಇದಕ್ಕಿಂತ ಮನೆಮಟ್ಟದ ಉದಾಹರಣೆಯನ್ನು ಹುಡುಕಬೇಕಾಗಿಲ್ಲ.

ಆದ್ದರಿಂದ ‘ರೈಸ್’ ಪಾಠ ಆರಂಭವಾಗಬೇಕಾದದ್ದು ಅಕ್ಕಿಯಿಂದಲ್ಲ, ಹಿಟ್ಟಿನಿಂದ. ನಾಗಮಂಗಲದ ತರಗತಿಯಲ್ಲಿ ‘ಹಿಟ್ಟು ಜರಡಿ ಹಿಡಿ’, ‘ಹಿಟ್ಟು ಆರಿಹೋಗಿದೆ’ ಎಂಬ ಎರಡು ವಾಕ್ಯಗಳನ್ನು ಫಲಕದ ಮೇಲೆ ಬರೆದು, ಯಾವುದು ಪುಡಿ, ಯಾವುದು ಮುದ್ದೆ, ಅದು ಹೇಗೆ ಗೊತ್ತಾಯಿತು ಎಂದು ಕೇಳಿದರೆ ಉತ್ತರ ವಿದ್ಯಾರ್ಥಿಗಳಿಂದಲೇ ಬರುತ್ತದೆ. ಅದರ ಪಕ್ಕದಲ್ಲಿ ವಾಕ್ಯ (2) ಮತ್ತು (3)ನ್ನು ಬರೆದರೆ ಹೊಸ ನಿಯಮವನ್ನು ಹೇಳಿಕೊಡುವ ಅಗತ್ಯ ಬೀಳುವುದಿಲ್ಲ. ಇದೇ ಪಾಠವನ್ನು ಕರಾವಳಿಯಲ್ಲಾಗಲಿ ಕಲಬುರಗಿಯಲ್ಲಾಗಲಿ ಹೀಗೆಯೇ ನಡೆಸಲಾಗದು. ಅಲ್ಲಿಯ ಕನ್ನಡಕ್ಕೆ ತನ್ನದೇ ಆದ ಬೇರೆ ‘ಹಿಟ್ಟು’ ಬೇಕಾಗುತ್ತದೆ. ಅದನ್ನು ಆಯಾ ಸೀಮೆಯವರೇ ಗುರುತಿಸಬೇಕು.

ನಿಘಂಟಿನ ಮಟ್ಟದಲ್ಲಿ ಬೇಕಾದ ತಿದ್ದುಪಡಿ ಚಿಕ್ಕದು. ‘ರೈಸ್’ ಎದುರಿಗೆ ಅಲ್ಪವಿರಾಮಗಳಿಂದ ಬೇರ್ಪಡಿಸಿದ ‘ಭತ್ತ, ಅಕ್ಕಿ, ಅನ್ನ’ ಎಂದು ಕೊಟ್ಟರೆ ಸಾಲದು. ಅವು ಪರ್ಯಾಯಗಳೆಂಬ ಭ್ರಮೆ ಹುಟ್ಟುತ್ತದೆ. ಪ್ರತಿಯೊಂದರ ಮುಂದೆ ಅದನ್ನು ಕರೆಯುವ ಎರಡು ಕ್ರಿಯಾಪದಗಳಿರಬೇಕು, ಕೊನೆಯಲ್ಲಿ ಹಂತ ನಿರ್ಧಾರವಾಗದ ಬಳಕೆಗೆ ಪ್ರತ್ಯೇಕ ಸಾಲಿರಬೇಕು. ಆ ಕೊನೆಯ ಸಾಲಿಗೆ ‘ರೈಸ್ ಬೌಲ್’ ಒಳ್ಳೆಯ ನಮೂನೆ. ಹೇರಳವಾಗಿ ಬೆಳೆಯುವ ಸೀಮೆಯನ್ನು ಇಂಗ್ಲಿಷ್ ಊಟದ ಬಟ್ಟಲಾಗಿ ಕಾಣುತ್ತದೆ. ಗಂಗಾವತಿಯ ಸುತ್ತಲಿನ ಪ್ರದೇಶಕ್ಕೆ ಕನ್ನಡ ಪತ್ರಿಕೆಗಳು ಇಟ್ಟಿರುವ ಹೆಸರು ‘ಭತ್ತದ ಕಣಜ’. ಎರಡೂ ನುಡಿಗಟ್ಟುಗಳು ಒಂದೇ ಭೂಮಿಯನ್ನು ಸೂಚಿಸಬಲ್ಲವು. ಒಂದರ ಕಾಳು ಬೆಂದಿದೆ, ಇನ್ನೊಂದರ ಕಾಳಿನ ಹೊಟ್ಟು ಇನ್ನೂ ಬಿಟ್ಟಿಲ್ಲ.